ಒಣ ಡೈಪರಿನ ಇನ್‌ಸ್ಪೆಕ್ಟರ್

ಹನ್ನೊಂದು ವರ್ಷದಿಂದ ನಾನು ಪುಣೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಕಣ್ಣು ತಪ್ಪಿಸಿ ಒಂದು ನಟ್ಟೂ ಗೇಟು ದಾಟಿಲ್ಲ. ಹೀಗಿರುವಾಗ ಮೂರು ಕಿಲೋ ಮಗಳ ಡೈಪರ್ ಯಾವ ಮಹಾ! "ಈ ವಿಭಾಗ ನಂದು. ನನ್ನ ಬಿಟ್ಟು ಯಾರೂ ಬಿಚ್ಚಬಾರದು," ಎಂದು ಘೋಷಿಸಿದೆ. ತಪಾಸಣೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಮತ್ತೆ ಎಂಟಕ್ಕೆ.

ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅತ್ತೆ ನಾಗವ್ವ, "ನಿಮ್ಮ ಮರ್ಜಿರಿ," ಎಂದರು. ಅಷ್ಟು ಸುಲಭಕ್ಕೆ ಒಪ್ಪುವ ಹೆಂಗಸಲ್ಲ ಅವರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆಸ್ಪತ್ರೆಯಲ್ಲಿ ಮೊದಲ ದಿನ ಡೈಪರ್ ಬಿಚ್ಚಿದಾಗ ಡಾಂಬರಿನಂಥ ಕರಿ ಕಕ್ಕ ಕಂಡು ಚೀರಿದ್ದೆ. ನರ್ಸ್ ನಕ್ಕು, "ಮೊದಲು ಹಾಗೇ ಇರೋದು. ನೀವು ಒದ್ದೆಯಾದದ್ದು ಎಣಿಸಿ. ಮೂರನೇ ದಿನ ಮೂರು, ನಾಲ್ಕನೇ ದಿನ ನಾಲ್ಕು. ಕಮ್ಮಿಯಾದರೆ ಹಾಲು ಸಾಲುತ್ತಿಲ್ಲ ಅಂತ," ಎಂದಿದ್ದಳು.

ಮೂರನೇ ದಿನ ಸಂಜೆ ಮನೆಗೆ ಬಂದೆವು. ಎಂಟರ ತಪಾಸಣೆ: ಒಣ. ಮರುದಿನ ಬೆಳಿಗ್ಗೆ ಎಂಟಕ್ಕೂ ಒಣ. ಹೊಸ ಯಂತ್ರ, ಶುರುವಾಗಲು ಹೊತ್ತು ಹಿಡಿಯುತ್ತದೆ ಎಂದುಕೊಂಡೆ. ಹನ್ನೆರಡಕ್ಕೆ ನೋಡಿದರೆ ಅಂಗಡಿಯಿಂದ ತಂದ ಹಾಗೇ ಗರಿಗರಿ. ನಾಲ್ಕನೇ ದಿನ ನಾಲ್ಕು ಎಂದಿದ್ದಳು ನರ್ಸ್; ನನ್ನ ಲೆಕ್ಕ ಸೊನ್ನೆ.

"ನೀತಾ, ಹಾಲು ಸಾಲವಲ್ಲದು ಅನಸ್ತದ," ಎಂದುಬಿಟ್ಟೆ.

ಹೆಂಡತಿ ಅಳತೊಡಗಿದಳು. "ನನ್ನ ಕಡಿಂದ ಇಷ್ಟೂ ಆಗಲಿಲ್ಲೇನ್ರಿ?"

ಆ ಮಾತು ವಾಪಸ್ ನುಂಗುವ ಹಾಗಿರಲಿಲ್ಲ. ನನಗೂ ಅಳು ಬಂತು. ಅತ್ತೆ ಬೆಳ್ಳುಳ್ಳಿ ತರಲು ಕೆಳಗೆ ಹೋಗಿದ್ದರು. ಮಗುವನ್ನು ಅವಚಿಕೊಂಡು, ಎರಡೂ ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡು, ಸಿಕ್ಕ ಸಿಕ್ಕ ದೇವರಿಗೆ ಹರಕೆ ಹೊರುತ್ತ ಎದುರಿನ ಕ್ಲಿನಿಕ್ಕಿಗೆ ಓಡಿದೆ.

ಡಾಕ್ಟರ್ ದೀಪಾಲಿ ಡೈಪರ್ ಬಿಚ್ಚಿದರು. "ನೋಡಿ, ನಿನ್ನೆಯಿಂದ ಒಂದು ಹನಿ ಇಲ್ಲ," ಎನ್ನುತ್ತ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಹೆಗಲಿನಿಂದ ಸೊಂಟದವರೆಗೆ ಬೆಚ್ಚಗಾಯಿತು.

"ಮಗು ಛಾನ್ ಇದೆ, ಗಟ್ಟಿಮುಟ್ಟಾಗಿದೆ. ಪರೀಕ್ಷೆ ಅಪ್ಪನಿಗೆ ಮಾಡಬೇಕು," ಎಂದರು ಡಾಕ್ಟರು.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದರು. "ಕೂಸಿಗೆ ಆ ಪ್ಲಾಸ್ಟಿಕ್ ಚುಚ್ಚತದರಿ. ನೀವು ಆ ಕಡೆ ಹೋದಕೂಡಲೇ ಅರಿವಿ ಕಟ್ಟತಿದ್ದೆ. ನೀವು ಬರೋ ಟೈಮಿಗೆ ಹೊಸಾ ಡೈಪರ್ ಏರಸ್ತಿದ್ದೆ. ಅಳಿಯಾನ ಮನಸ್ಸು ನೋಯಬಾರದಲ್ಲ."

ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಿಳಿ ಬಟ್ಟೆಯ ತುಂಡುಗಳು ನೆನಪಾದವು. ಜರಿ ಅಂಚಿನವು. ನನ್ನ ಮದುವೆಯ ಧೋತರ!

"ನೀತಾಗ ಹೇಳೇ ಬಂದೇನಿ. ಆಕಿ ಅಳೂದು ಬಿಟ್ಟು ನಿಮ್ಮ ಹಾದಿ ಕಾಯಾಕತ್ತಾಳ."

"ಮತ್ತ... ಒದ್ದಿ ಅರಿವಿ ಎಷ್ಟು ಆಗ್ಯಾವ್ರಿ?" ಎಂದೆ ಮೆಲ್ಲಗೆ.

"ಬೆಳಗಿಂದ ಐದು." ಅತ್ತೆ ನನ್ನನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿದರು. "ನಿಮ್ಮ ಅಂಗಿ ಹಿಡದ್ರ ಆರು."