ನನ್ನ ಎಮ್ಮೆ ಬರೆದ ನಾಲ್ಕು ಪರೀಕ್ಷೆಗಳು

ಚಿತ್ರದ ಪುಸ್ತಕ ಮಾಡುವವನ ಹಣೆಬರಹದಲ್ಲಿ ಮರ್ಯಾದೆಗೆ ಜಾಗ ಬಿಟ್ಟಿರುವುದಿಲ್ಲ. ವಾರಕ್ಕೊಮ್ಮೆಯಾದರೂ ಯಾರೋ ಬಂದು ಅದನ್ನು ನೆನಪಿಸಿ ಹೋಗುತ್ತಾರೆ. ನಾನು ಹತ್ತನೇತ್ತ, ಅಂದರೆ ಹತ್ತನೇ ತರಗತಿ, ನಪಾಸು, ವಯಸ್ಸು ಹದಿನೇಳು, ಉದ್ಯೋಗ ಎಮ್ಮೆಯ ಚಿತ್ರ ತೆಗೆಯುವುದು. ಕೆರೆಗೆ ಇಳಿದು ಮೇಲೆ ಬರಲು ಒಲ್ಲೆನೆನ್ನುವ ಎಮ್ಮೆಯ ಕತೆಯೊಂದನ್ನು ಹದಿನಾರು ಪುಟ ಬರೆದು, ಬಣ್ಣ ಹಚ್ಚಿ, ದಾರದಿಂದ ಹೊಲಿದು ಧಾರವಾಡದ ಪ್ರಕಾಶಕಿ ಮೇಡಂಗೆ ತೋರಿಸಿದೆ. ಅವರು ನಕ್ಕರು. ಎಮ್ಮೆ ನೋಡಿಯೋ ನನ್ನ ನೋಡಿಯೋ ತಿಳಿಯಲಿಲ್ಲ.

"ನಾಲ್ಕು ತಾಲೂಕಿನಾಗ ನಾಲ್ಕು ಸಾಲಿಗೆ ಹೋಗಿ ಮಕ್ಕಳಿಗೆ ತೋರಿಸಿ ಬಾ. ಅಲ್ಲಿ ಮಾಸ್ತರ್ರು ಈ ಹಾಳಿ ಮ್ಯಾಲ ಅಭಿಪ್ರಾಯ ಬರೀಲಿ. ನಾಲ್ಕೂ ಕಡೆ ಹೂಂ ಅಂದ್ರ ಅಚ್ಚು ಹಾಕ್ತೇನಿ" ಎಂದರು.

ಅಪ್ಪ ಇನ್ನೂ ಸರಳ ಮಾಡಿದ. "ಅಚ್ಚಾತು ಅಂದ್ರ ಚಿತ್ರ ತಗಿ. ಇಲ್ಲಂದ್ರ ಕಾಕಾನ ಹಿಟ್ಟಿನ ಗಿರಣಿಗೆ ಹೋಗು."

ಗಿರಣಿಯಲ್ಲಿ ಇರುವ ಬಣ್ಣ ಒಂದೇ, ಬಿಳಿ.

ಹಾನಗಲ್: ಎಷ್ಟನೇ ಸೂಲು?

ಹಾನಗಲ್ ಕಡೆಯ ಸಾಲಿಯಲ್ಲಿ ಪುಸ್ತಕ ಬಿಚ್ಚುವಷ್ಟರಲ್ಲಿ, ಮೊಮ್ಮಗನನ್ನು ಬಿಡಲು ಬಂದಿದ್ದ ಅಜ್ಜ ಅದನ್ನು ಕಸಿದುಕೊಂಡು ಕಟ್ಟೆಯ ಮೇಲೆ ಕುಂತ.

"ಎಷ್ಟನೇ ಸೂಲಿಂದು?"

"ಕಾಗದದ ಎಮ್ಮಿ ಅಜ್ಜಾ, ಇನ್ನೂ ಈದಿಲ್ಲ."

"ಈದಿಲ್ಲಂದ್ರ ಕೆಚ್ಚಲ ಇಷ್ಟ್ಯಾಕ?"

"ಚಂದ ಕಾಣ್ಲಿ ಅಂತ."

"ಪಕ್ಕಿ ಎಲುವು ಎಣಸಬಹುದು. ಮೇವು ಹಾಕಿಯೇನ?"

"ಹದಿನಾರು ಪುಟಾನೂ ನೀರಾಗ ಐತಿ. ಮೇವು ಎಲ್ಲಿಂದ ತರ್ಲಿ?"

ಮಾಸ್ತರರು ನನ್ನ ಕಿವಿಯ ಹತ್ತಿರ ಬಂದು, "ಅವರು ಸಾಲಿ ಕಮಿಟಿ ಅಧ್ಯಕ್ಷರಪಾ. ಹೇಳಿದಂಗ ಮಾಡು" ಎಂದರು. ಅಲ್ಲೇ ಕುಂತು ಎಮ್ಮೆಯನ್ನು ದಪ್ಪ ಮಾಡಿದೆ, ದಂಡೆಗೆ ಒಂದು ಸಿವುಡು ಮೇವು ಹಾಕಿದೆ. ಹಾಳೆಯ ಮೇಲೆ ಅಭಿಪ್ರಾಯ ಬಿತ್ತು: "ಎಮ್ಮೆ ಈಗ ಸುಧಾರಿಸಿದೆ."

ಕತೆ ಏನೆಂದು ಒಬ್ಬರೂ ಕೇಳಲಿಲ್ಲ.

ಸವಣೂರು: ಕಪಾಟಿನ ಭಾಗ್ಯ

ಸವಣೂರು ಕಡೆಯ ಸಾಲಿಯ ಅಕ್ಕೋರು ಮಕ್ಕಳನ್ನು ಗೋಡೆಗೆ ಹಚ್ಚಿ ಕೂರಿಸಿದರು. "ಕೈ ಕಟ್ಟಿ ನೋಡ್ರಿ. ಮುಟ್ಟಿದ್ರ ಹೊಲಸ ಆಕ್ಕೈತಿ." ಅಷ್ಟು ದೂರದಿಂದ ಅವರಿಗೆ ನನ್ನ ಎಮ್ಮೆ ಟ್ರ್ಯಾಕ್ಟರಿನ ಟೈರಿನ ಹಾಗೆ ಕಂಡಿತಂತೆ.

"ಅಕ್ಕೋರ, ಮಕ್ಕಳ ಕೈಯಾಗ ಕೊಡ್ರಿ. ಅದಕ್ಕಂತನ ಮಾಡೇನಿ."

ಅವರು ಚೀಲದಿಂದ ಕೀಲಿ ತೆಗೆದು, ಗ್ರಂಥಾಲಯ ಎಂದು ಬರೆದ ಕಪಾಟು ತೆರೆದರು. ಬಂದಾಗಿನ ಪ್ಲಾಸ್ಟಿಕ್ ಕೂಡ ಬಿಚ್ಚದ ಪುಸ್ತಕಗಳು ಸಾಲಾಗಿ ನಿಂತಿದ್ದವು.

"ನೋಡು, ಹತ್ತು ವರ್ಷಾತು. ಒಂದ ಹಾಳಿ ಹರದಿಲ್ಲ. ಹುಡುಗರ ಕೈಯಾಗ ಕೊಟ್ಟಿದ್ರ ಉಳೀತಿದ್ವೇನು?"

ಅಭಿಪ್ರಾಯ: "ಉತ್ತಮ ಪುಸ್ತಕ. ಕಪಾಟಿನಲ್ಲಿ ಇಡಲು ಯೋಗ್ಯ."

ಶಿಗ್ಗಾವಿ: ಖಾಲಿ ನೀರು

ಇಲ್ಲಿನ ಮಾಸ್ತರರಿಗೆ ಕೆರೆಯೇ ಹಿಡಿಸಲಿಲ್ಲ. "ಇಷ್ಟು ನೀರು ಖಾಲಿ ಬಿಟ್ಟೀಯಲ್ಲೋ. ಮಗ್ಗಿ ಬರಿ."

"ಎಮ್ಮಿ ಎಲ್ಲಿ ಈಜಬೇಕ್ರಿ ಸರ?"

"ಮಗ್ಗಿ ಒಳಗ ಈಜಲಿ. ಅದೂ ಕಲೀತೈತಿ."

ಸಹಿಯ ಆಸೆಗೆ ಬರೀತೇನ್ರಿ ಎಂದುಬಿಟ್ಟೆ. "ಹಂಗಾರ ಹದಿನೇಳರ ಮಗ್ಗಿ ಹೇಳು ನೋಡೋಣು" ಎಂದರು. ಹದಿನೇಳು ಮೂರಲೆ ತನಕ ಜೋರಾಗಿ ಹೋದೆ, ಆಮೇಲೆ ನನ್ನ ಎಮ್ಮೆಯ ಹಾಗೆ ಅಲ್ಲೇ ನಿಂತೆ. ನಾಲ್ಕನೇತ್ತದ ಹುಡುಗಿಯೊಬ್ಬಳು ಉಳಿದದ್ದನ್ನು ಹೇಳಿ ಮುಗಿಸಿದಳು.

ಅಭಿಪ್ರಾಯ: "ಪುಸ್ತಕ ಅಚ್ಚಾಗಲು ಅಭ್ಯಂತರವಿಲ್ಲ. ಲೇಖಕನನ್ನು ಮರಳಿ ಶಾಲೆಗೆ ಸೇರಿಸುವುದು."

ಹಿರೇಕೆರೂರು: ಗುರುಭಕ್ತಿ

ಮೂರು ಹೂಂ ಆಗಿತ್ತು, ಒಂದು ಬಾಕಿ. ಹಿರೇಕೆರೂರು ಕಡೆಯ ಸಾಲಿಯ ಬಾಗಿಲಲ್ಲಿ ಹೆಡ್‌ಮಾಸ್ತರರನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದೆ. ಎಂಟನೇತ್ತದಲ್ಲಿ ನನಗೆ ಗಣಿತ ಕಲಿಸಿದವರು ಅವರೇ. ವರ್ಗವಾಗಿ ಇಲ್ಲಿಗೆ ಬಂದದ್ದು ಗೊತ್ತಿರಲಿಲ್ಲ. ಅವರ ತಾಸಿನಲ್ಲಿ ಹಿಂದಿನ ಬೆಂಚಿಗೆ ಕುಂತು ಅವರ ಮುಖದ ಚಿತ್ರ ತೆಗೆದು ತೆಗೆದು ಕೈ ಪಳಗಿತ್ತು. ಎಮ್ಮೆಗೊಂದು ಮುಖ ಬೇಕಾದಾಗ ಅದನ್ನೇ ಹಚ್ಚಿ ಎರಡು ಕೊಂಬು ಕೂಡಿಸಿದ್ದೆ. ಅದೇ ಇಳಿಬಿದ್ದ ಕೆನ್ನೆ, ಅದೇ ಅರ್ಧ ಮುಚ್ಚಿದ ಕಣ್ಣು, ಗದ್ದದ ಮೇಲೆ ಅದೇ ನರಹುಲಿ.

"ಬಾರೋ. ನೀನೂ ಪುಸ್ತಕ ಬರಿಯೋ ಕಾಲ ಬಂತೇನ? ತೋರ್ಸು" ಎಂದು ಮೂಗಿನ ಮೇಲಿನ ಚಾಳೀಸು ಸರಿಮಾಡಿಕೊಂಡು, ನನ್ನ ಬಾಜೂಕ, ಮಕ್ಕಳ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡರು.

ಮೊದಲ ಪುಟ ತೆರೆದೆ. ಮಕ್ಕಳು ಎಮ್ಮೆಯನ್ನು ನೋಡಿದರು, ಸರ್ ಮುಖ ನೋಡಿದರು, ಮತ್ತೆ ಎಮ್ಮೆಯನ್ನು ನೋಡಿದರು. ಹದಿನಾರು ಪುಟವೂ ಹಾಗೇ. ಕೊನೆಗೆ ಒಂದನೇತ್ತದ ಹುಡುಗಿ ಎದ್ದು ಕೇಳಿದಳು, "ಅಣ್ಣಾ, ಇದರ ಚಾಳೀಸು ಎಲ್ಲೈತಿ?"

ನನಗೆ ಗಿರಣಿಯ ಸಪ್ಪಳ ಕೇಳಿಸಿತು. ಸರ್ ಪುಸ್ತಕ ಇಸಕೊಂಡು, ತಮ್ಮ ಚಾಳೀಸು ಏರಿಸಿ, ಪುಟ ಪುಟ ನೋಡಿದರು.

"ಎಮ್ಮಿ ಮಾರಿ ಮ್ಯಾಲ ಒಂಥರಾ ಗಾಂಭೀರ್ಯ ಐತಿ. ಎಲ್ಲಿ ನೋಡಿ ತಗದಿ?"

"ಸಾಲ್ಯಾಗ್ರಿ ಸರ."

ತಲೆ ಆಡಿಸಿ, ಹಾಳೆ ಎಳೆದುಕೊಂಡು ಬರೆದರು: "ಪ್ರತಿ ಪುಟಕ್ಕೂ ಮಕ್ಕಳು ಭಕ್ತಿಯಿಂದ ನನ್ನ ಮುಖ ನೋಡಿದರು. ಗುರುಗಳ ಮೇಲೆ ಗೌರವ ಹೆಚ್ಚಿಸುವ ಇಂಥ ಪುಸ್ತಕ ಕೂಡಲೇ ಅಚ್ಚಾಗಲಿ."

ಮೇಡಂ ಅಚ್ಚಿಗೆ ಕಳಿಸಿದ್ದಾರೆ. ಮುಖಪುಟದ ಎಮ್ಮೆಯನ್ನು ದೊಡ್ಡದು ಮಾಡಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಬೇಕೆಂದು ಸರ್ ಕೇಳಿದ್ದಾರೆ. ಮೊಳೆ ನಾನೇ ಬಂದು ಬಡಿಯುತ್ತೇನೆ ಎಂದಿದ್ದೇನೆ.