ಜಲಾಸುರನಿಗೊಂದು ಕಾರಣ

ತಲೆ ತುಂಬ ಸೋಪಿನ ನೊರೆ ಇರುವಾಗಲೇ ನಲ್ಲಿ ಗೊರಗೊರ ಎಂದು ನಿಂತುಬಿಟ್ಟಿತು. ಮನೋಜ ಹಲ್ಲು ಕಡಿದ. ಕೋಥರೂಡ ಬಡಾವಣೆಯ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನೀರಿನ ವಾಲ್ವ್ ತಿರುಗಿಸುವ ಅಧಿಕಾರ ಸೆಕ್ರೆಟರಿ ಮಹಾಲಿಂಗನದು. ಈ ಸಿಟ್ಟಿಗೇ ಅಲ್ಲವೇ ಮನೋಜ ತಾನು ಬರೆಯುತ್ತಿದ್ದ ವಿಡಿಯೋ ಗೇಮಿನ ಕತೆಗೆ ಅವನನ್ನು ಜಲಾಸುರನಾಗಿ ಎಳೆದು ತಂದದ್ದು! ಊರಿನ ನೀರಿಗೆಲ್ಲ ಬೀಗ ಜಡಿಯುವ ರಾಕ್ಷಸ. ಬೀಗ ಒಡೆಯುವ ಹೀರೋ ಕೆಂಪು ಬೈಕಿನ ಸುಂದರಾಂಗ. ಮನೋಜನ ಬೈಕೂ ಕೆಂಪೇ ಅನ್ನಿ.

ನೊರೆ ಒರೆಸಿಕೊಳ್ಳುತ್ತಿರುವಾಗಲೇ ಫೋನು ಬಂತು. ಟೀಮಿನ ಮುಖ್ಯಸ್ಥೆ ಶೀತಲ, ಸೋಲಾಪುರ ಕಡೆಯ ಕನ್ನಡತಿ.

"ಮನೋಜ, ನಿನ್ನ ರಾಕ್ಷಸಗ ಬರೇ ಕೋಡು ಅದಾವ, ಕಾರಣ ಇಲ್ಲ. ನೀರು ಯಾಕ ಬಂದ್ ಮಾಡ್ತಾನಂವ?"

"ಕೆಟ್ಟವನು ಮೇಡಂ. ಅದಕ್ಕೇ."

"ಆ ಕಾಲ ಹೋತು. ಸಂಜಿಯೊಳಗ ಕಾರಣ ಕೊಡು. ಇಲ್ಲಾಂದ್ರ ಕತಿ ಬ್ಯಾರೇದವ್ರು ಬರೀತಾರ."

ಅವನ ಹೆಸರಿನಲ್ಲಿ ಬರಬೇಕಾಗಿದ್ದ ಮೊಟ್ಟಮೊದಲ ಕತೆ! ಕೈತಪ್ಪಿದರೆ ಮತ್ತೆ ಗೇಮಿನ ಬಟನ್ನುಗಳಿಗೆ 'ಮುಂದೆ', 'ಹಿಂದೆ' ಎಂದು ಬರೆಯುವುದೇ ಗತಿ. ಮಹಾಲಿಂಗ ನೀರು ನಿಲ್ಲಿಸುವುದಕ್ಕೆ ಕಾರಣ ಹುಡುಕಿಕೊಂಡು ಮನೋಜ ಮೆಟ್ಟಿಲು ಹತ್ತಿದ. ಸೋಪು ಒಣಗಿ ಕೂದಲು ಮುಳ್ಳುಹಂದಿಯಂತೆ ನೆಟ್ಟಗೆ ನಿಂತಿತ್ತು.

ಮೇಲಿನ ಮಹಡಿಯ ಅನುಸೂಯಾಬಾಯಿ ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಕಾಳು ಚೆಲ್ಲುತ್ತಿದ್ದರು.

"ಮಹಾಲಿಂಗಪ್ಪ ಭಾಳ ಚಲೋ ಮನಷ್ಯಾರೀ. ಕೆಳಗಿನವ್ರ ವಾಲ್ವ್ ಬಂದ್ ಮಾಡಿದ್ರನ ಮ್ಯಾಲ ನಮಗ ನೀರು. ಕೆಳಗ ಯಾವನೋ ಖೋಡಿ ದಿನಾ ಪೈಪ್ ಹಿಡದು ಬೈಕ್ ತೊಳೀತಾನಂತ!"

ಆ ಖೋಡಿ ತಾನೇ ಎಂದು ಹೇಳದೆ ಮನೋಜ ಪಾರಿವಾಳಗಳತ್ತ ಮುಖ ತಿರುಗಿಸಿದ. ಅಷ್ಟರಲ್ಲಿ ಮಹಾಲಿಂಗನೇ ಏದುಸಿರು ಬಿಡುತ್ತ ಕೊಡ ಹೊತ್ತು ಬಂದ. "ನೀರಿನ ಟಾಕಿ ಖಾಲಿ ಆಗೇದ ಅಕ್ಕಾ, ಕುಡಿಯಾಕ ಇದನ್ನ ಇಟ್ಕೋ."

ಅಯ್ಯೋ ಪಾಪ, ಎಂಥ ದೇವರಂಥ ಮನುಷ್ಯ! ಕ್ಷಮೆ ಕೇಳೋಣವೆಂದು ಮನೋಜ ಹಿಂದೆಯೇ ಇಳಿದ. ಕೆಳಗೆ ದೇವರು ಪೈಪು ಹಿಡಿದು ಗುಲಾಬಿ ಗಿಡಗಳಿಗೆ ಧಾರಾಳವಾಗಿ ನೀರು ಬಿಡುತ್ತಿದ್ದ.

"ಇದ್ಯಾವ ನ್ಯಾಯ ಅಂಕಲ್?"

"ತೀರಿಹೋದ ನನ್ನ ಹೇಣ್ತಿ ಹಚ್ಚಿದ ಗಿಡಾನೋ ತಮ್ಮಾ, ಒಣಗಿಸ್ಲೇನು?" ಎಂದ ಮಹಾಲಿಂಗ ಮರುಕ್ಷಣವೇ ಗದರಿದ: "ನೆಟ್ಟಗ ತಲಿ ತೊಳ್ಕೊಳ್ಳಾಕ ಬರಂಗಿಲ್ಲೇನು ನಿನಗ?"

ಒಳ್ಳೆಯವನೋ, ಕೆಟ್ಟವನೋ? ಮನೋಜನಿಗೆ ತಲೆ ಗಿರ್ ಎಂದಿತು. ಏನೊಂದೂ ತೋಚದೆ ಕೊಡ, ಗುಲಾಬಿ, ಗದರಿಕೆ ಎಲ್ಲವನ್ನೂ ಜಲಾಸುರನ ತಲೆಗೆ ಕಟ್ಟಿದ. ಮನಸ್ಸು ಚುಚ್ಚಿದ್ದರಿಂದ ಹೀರೋ ಬೈಕ್ ತೊಳೆಯುವುದನ್ನೂ ಸೇರಿಸಿ ಕಳಿಸಿಬಿಟ್ಟ.

ಸಂಜೆ ಶೀತಲ ವಿಡಿಯೋ ಕರೆಯಲ್ಲೇ ಬಂದಳು. "ಮಸ್ತ್ ಬರದೀಪಾ! ಇಲ್ಲಿ ಎಲ್ಲಾರೂ ಕಣ್ಣೀರು ಹಾಕ್ಯಾರ. ಜಲಾಸುರನ್ನ ಹೀರೋ ಮಾಡೀವಿ."

ಮನೋಜ ಕುರ್ಚಿಯಲ್ಲೇ ಕುಣಿದ. "ಥ್ಯಾಂಕ್ಸ್ ಮೇಡಂ! ಹಾಗಾದ್ರೆ ವಿಲನ್ ಯಾರು?"

"ಆ ಬೈಕ್ ತೊಳಿಯಾಂವ ಇದ್ದಾನಲ್ಲ! ಅಂವನ್ನ ನೋಡಿದ್ರ ಮೈ ಉರೀತದ."

"ಅವನಿಗೂ ಒಂದು ಕಾರಣ ಇದೆ ಮೇಡಂ! ಮೇಲಿನ ಮನೆಯೋರು ಪಾರಿವಾಳಕ್ಕೆ ಕಾಳು ಹಾಕ್ತಾರೆ, ಬೈಕ್ ಮೇಲೆಲ್ಲ ಹಿಕ್ಕೆ..."

"ಸಾಕು ಬಿಡು! ಎಲ್ಲಾರ್ಗೂ ಕಾರಣ ಇದ್ರ ಆಡೋರು ಯಾರನ್ನ ಹೊಡೀಬೇಕೋ? ಅಂವ ಸುಮ್ನ ಕೆಟ್ಟಾಂವ." ಶೀತಲ ಪರದೆಯ ಹತ್ತಿರಕ್ಕೆ ಬಾಗಿ ಅವನ ತಲೆಯನ್ನೇ ದಿಟ್ಟಿಸಿದಳು. "ಏ, ಅಲ್ಲಾಡಬ್ಯಾಡ. ಅಂವಗ ಕೋಡು ಹೆಂಗಿರಬೇಕಂತ ಈಗ ತಿಳೀತು. ಒಂದು ಫೋಟೋ ತಗೋತೀನಿ."

ಮನೋಜ ತಲೆ ಮುಚ್ಚಿಕೊಂಡು ಬಚ್ಚಲಿಗೆ ಓಡಿ ನಲ್ಲಿ ತಿರುಗಿಸಿದ. ಅದು ಗೊರಗೊರ ಎಂದಿತು.