ಬಲಗಾಲಿಟ್ಟು ಹಿಮಕ್ಕೆ

"ವೈನಿ, ಅದು ನಿಮ್ಮ ಕೈಲೆ ಆಗೂದಿಲ್ರಿ. ನೀವು ಕೆಳಗ ಕೂತು ನಮ್ಮ ಬ್ಯಾಗ್ ನೋಡ್ಕೋರಿ, ಸಾಕು" ಅಂದವಳು ನನ್ನ ನಾದಿನಿ. ಹ್ಯೂಸ್ಟನ್ನಿನಲ್ಲಿ ಡಾಕ್ಟರು. ಪ್ರತಿ ಚಳಿಗಾಲ ನ್ಯೂ ಮೆಕ್ಸಿಕೋದ ಬೆಟ್ಟಕ್ಕೆ ಹೋಗಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಿ, ಫೋಟೋ ಕಳಿಸುವವಳು.

ನಾನು ಹುಬ್ಬಳ್ಳಿಯವಳು. ಹತ್ತನೇ ಕ್ಲಾಸಿಗೆ ಶಾಲೆ ಮುಗಿಯಿತು. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಡ್ರೈವಿಂಗ್ ಆಗಲ್ಲ ಅಂದಿದ್ದರು, ಕಲಿತೆ. ಇಂಗ್ಲಿಷ್ ಓದುವುದು ಆಗಲ್ಲ ಅಂದಿದ್ದರು. ಲೈಬ್ರರಿಯಲ್ಲಿ ಮಕ್ಕಳ ಶೆಲ್ಫಿನಿಂದ ಶುರು ಮಾಡಿ ದೊಡ್ಡವರ ಶೆಲ್ಫಿಗೆ ಬಂದೆ. ಯಾರಾದರೂ "ಆಗಲ್ಲ" ಅಂದರೆ ನಮ್ಮ ಮನೆಗೆ ಒಂದು ಹೊಸ ಸಾಮಾನು ಬರುತ್ತದೆ. ಅದರ ಹಿಂದೆಯೇ ನಗೆಪಾಟಲೂ ಬರುತ್ತದೆ. ಇದು ಎಂದೂ ತಪ್ಪಿಲ್ಲ.

ಆ ದಿನ ನಾವೆಲ್ಲ ಹ್ಯೂಸ್ಟನ್ನಿನಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಒಂದು ಹೋಟೆಲಿನಲ್ಲಿದ್ದೆವು. ಅಂಗಡಿಗೆ ಸೀರೆ ಫಾಲು, ಹುಕ್ಕು ಕೊಳ್ಳಲು ಅಲ್ಲಿಗೆ ಹೋದಾಗ ನಾದಿನಿಯ ಜೊತೆ ಊಟ ಮಾಡುವುದು ರೂಢಿ. ನಾನು ಕೈ ತೊಳೆದು ಬಂದು ಹೇಳಿದೆ: "ಈ ಚಳಿಗಾಲ ಮುಗಿಯೂದರೊಳಗ ಬೆಟ್ಟದ ಮ್ಯಾಲಿಂದ ಕೆಳತನಕಾ ಒಂದ್ಸಲಾನೂ ಬೀಳದ ಬಂದು ತೋರಸ್ತೀನಿ. ಬಂದ್ರ, ನನ್ನ ಹಲಿಗಿ ತಲಿ ಮ್ಯಾಲೆ ಹೊತ್ಕೊಂಡು ನೀ ಪಾರ್ಕಿಂಗ್ ತನಕಾ ನಡೀಬೇಕು."

"ಬಿದ್ರ?"

"ಬಿದ್ರ, ನಾ ಬದುಕಿರೂತನಕಾ ನಿಮ್ಮ ಬ್ಯಾಗ್ ಕಾಯ್ತೀನಿ."

ನನ್ನ ಗಂಡ ದೋಸೆಯಿಂದ ತಲೆ ಎತ್ತಿ ತಂಗಿಗೆ ಹೇಳಿದರು: "ಹಂಗಾದ್ರ ಈಗಿಂದನ ದೊಡ್ಡ ಬ್ಯಾಗ್ ನೋಡಿಡು."

ಒಂದು ಪರೀಕ್ಷೆ

ಹಲಗೆ ಸಿಕ್ಕಿದ್ದು ಆಸ್ಟಿನ್‌ನಲ್ಲಿ. ಮಂಡಿ ಸೋತು ಆಟ ಬಿಟ್ಟ ಒಬ್ಬ ಅಜ್ಜ ತನ್ನ ಮನೆಯ ಗ್ಯಾರೇಜಿನಲ್ಲಿಟ್ಟು ಮಾರುತ್ತಿದ್ದ. ಅದು ಮಾಮೂಲಿ ಸ್ನೋಬೋರ್ಡ್ ಅಲ್ಲ, ಕಾರ್ವಿಂಗ್ ಬೋರ್ಡು. ಉದ್ದ, ಸಪೂರ. ಅಂಚಿನ ಮೇಲೆ ವಾಲಿ, ಹಿಮದಲ್ಲಿ ಗೆರೆ ಕೊರೆಯುತ್ತಾ ಇಳಿಯುತ್ತದಂತೆ. ಅಜ್ಜ ಕೈ ಆಡಿಸಿ ತೋರಿಸಿದ. ಒಳ್ಳೆ ಕತ್ತರಿ ಹೊಸ ಬಟ್ಟೆಯಲ್ಲಿ ಓಡಿದ ಹಾಗೆ ಕಂಡಿತು. ಇದೇ ಬೇಕು ಅಂದೆ.

"ನಿಮಗೆ ಯಾವ ಕಾಲು ಮುಂದೆ?" ಎಂದು ಕೇಳಿದ. ನನಗೇನು ಗೊತ್ತು? "ಸುಲಭದ ಪರೀಕ್ಷೆ ಇದೆ" ಎಂದು ನನ್ನ ಗಂಡನ ಕಡೆ ತಿರುಗಿದ. "ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳಿ. ಯಾವ ಕಾಲು ಮೊದಲು ಮುಂದೆ ಬರುತ್ತದೋ ಅದೇ."

ಇಪ್ಪತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವರಿಗೆ ಇಂಥ ಅನುಮತಿ ಇನ್ನೆಲ್ಲಿ ಸಿಗಬೇಕು? ಅಜ್ಜನ ಮಾತು ಮುಗಿಯುವ ಮೊದಲೇ ತಳ್ಳಿದರು. ಎಡಗಾಲು ಮುಂದೆ ಬಂತು.

"ಎಡಗಾಲು" ಅಂದ ಅಜ್ಜ.

"ನನಗ ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮೆ ನೋಡೋಣು" ಅಂದರು ನನ್ನ ಗಂಡ.

ಗ್ಯಾರೇಜಿನ ಆ ತುದಿ ಮುಟ್ಟುವವರೆಗೆ ನೋಡಿದರು.

ಹಲಗೆ ವ್ರತ

ಹಲಗೆ ಸಪೂರವಾದ್ದರಿಂದ ಪಾದ ಅಡ್ಡ ಇಟ್ಟರೆ ಬೂಟಿನ ತುದಿ ಹೊರಗೆ ಚಾಚಿ ಹಿಮ ಉಳುತ್ತದೆ. ಪಾದ ಹಿಡಿಯುವ ಬೈಂಡಿಂಗುಗಳನ್ನು ಮುಂದಕ್ಕೆ ಓರೆಯಾಗಿ ತಿರುಗಿಸಿ ಸ್ಕ್ರೂ ಬಿಗಿಯಬೇಕು. ಎರಡು ಪಾದಗಳ ನಡುವಿನ ಅಂತರ ನೆಲದಿಂದ ಮಂಡಿಯ ಎತ್ತರದಷ್ಟು. ಇಷ್ಟನ್ನು ಲೈಬ್ರರಿ ಪುಸ್ತಕದಲ್ಲಿ ಓದಿಕೊಂಡೆ. ಟೇಪು ಕೊರಳಲ್ಲೇ ಇತ್ತು, ಅಳೆದು ಚಾಕಿನಲ್ಲಿ ಗುರುತು ಹಾಕಿದೆ.

ಆದರೆ ಎಡಗಾಲು ಮುಂದೆ ಎಂಬುದು ಮಾತ್ರ ಮನಸ್ಸಿಗೆ ಒಗ್ಗಲಿಲ್ಲ. ಗಂಡನ ಮನೆಗೆ ಬಲಗಾಲಿಟ್ಟು ಬಂದವಳು ನಾನು. ಈ ದೇಶದ ವಿಮಾನ ಇಳಿದದ್ದೂ ಬಲಗಾಲಿಟ್ಟೇ. ನಮ್ಮ ಜೊತೆಗೇ ಇರುವ ಅತ್ತೆ "ಆ ಮುದುಕಗ ಏನ್ ತಿಳೀತದ? ಬಲಗಾಲ ಮುಂದಿಡು" ಅಂದರು. ಹಾಗೇ ಬಿಗಿದೆ.

ದಿನಾ ಸಂಜೆ ಹಾಲಿನ ಕಾರ್ಪೆಟ್ಟಿನ ಮೇಲೆ ಹಲಗೆ ಹಾಕಿ, ಗಟ್ಟಿ ಪ್ಲಾಸ್ಟಿಕ್ ಬೂಟು ತೊಟ್ಟು, ಮಂಡಿ ಬಗ್ಗಿಸಿ ನಿಲ್ಲುವ ಅಭ್ಯಾಸ. ನವರಾತ್ರಿಯಲ್ಲಿ ಒಂದು ದಿನ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆದಿದ್ದೆ. ಅವರು ಬರುವ ಮೊದಲು ಐದು ನಿಮಿಷ ನಿಲ್ಲೋಣ ಎಂದು ರೇಷ್ಮೆ ಸೀರೆಯಲ್ಲೇ ಹತ್ತಿದೆ. ಬೈಂಡಿಂಗಿನ ಕ್ಲಿಪ್ಪು ಸಿಕ್ಕಿಕೊಂಡಿತು, ಬಿಚ್ಚಲು ಬರಲಿಲ್ಲ. ಅಷ್ಟರಲ್ಲಿ ಬೆಲ್ಲು. ಅತ್ತೆ ಬಾಗಿಲು ತೆರೆದೇಬಿಟ್ಟರು.

ಮೈಸೂರಿನ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೇನು ಆಂಟಿ, ಹೀಗೆ ನಿಂತಿದಾರೆ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಹಲಿಗಿ ವ್ರತ. ನಡುವ ಇಳಿಯೋ ಹಂಗಿಲ್ಲ. ನೀವ ಅಲ್ಲಿ ಹೋಗಿ ಕುಂಕುಮ ತಗೋರಿ."

ಎಲ್ಲರೂ ಸಾಲಾಗಿ ನಾನಿದ್ದಲ್ಲಿಗೇ ಬಂದು ಕುಂಕುಮ ತೆಗೆದುಕೊಂಡರು. ಚಿಕ್ಕವಳೊಬ್ಬಳು ಬಗ್ಗಿ ಬೂಟಿಗೆ ನಮಸ್ಕಾರ ಮಾಡಿದಳು. ವಾರದ ಮೇಲೆ ಮೈಸೂರಿನವರ ಫೋನು: "ನಮ್ಮ ಹುಡುಗಿಗೆ ಎಲ್ಲೂ ಸಂಬಂಧ ಕೂಡಿಬರ್ತಿಲ್ಲ ಕಣ್ರೀ. ನಿಮ್ಮ ಹಲಗೆ ಎರಡು ದಿನ ಕೊಡ್ತೀರಾ?"

ಶಾಸ್ತ್ರ

ಡಿಸೆಂಬರಿನಲ್ಲಿ ನಾನೂ ನನ್ನ ಗಂಡನೂ ಇಬ್ಬರೇ ಬೆಟ್ಟಕ್ಕೆ ಹೋದೆವು, ನಾದಿನಿಗೆ ತಿಳಿಸದೆ. ಬಿದ್ದೆ. ಎದ್ದೆ. ಬಿದ್ದೆ. ನಾನು ಬಲಗಾಲು ಮುಂದಿಟ್ಟು ಹೊರಟರೆ ಹಲಗೆ ತಾನೇ ಸುತ್ತು ಹೊಡೆದು ಎಡಗಾಲನ್ನು ಮುಂದೆ ತರುತ್ತಿತ್ತು. ಗದರಿದೆ, ಕೇಳಲಿಲ್ಲ.

ಕಲಿಸುವ ಹೆಂಗಸೊಬ್ಬಳು ನಿಂತು ನೋಡಿ, "ಮ್ಯಾಮ್, ಬಲಗಾಲು ಮುಂದಿಡಲು ಯಾರು ಹೇಳಿದರು?" ಎಂದು ಕೇಳಿದಳು. ಹಿಮದಲ್ಲಿ ಕೂತೇ ನಮ್ಮ ಪದ್ಧತಿ ವಿವರಿಸಿದೆ. ಹೊಸ್ತಿಲು, ಅಕ್ಕಿ ತುಂಬಿದ ಸೇರು, ಒಳಗೆ ಬರುವ ಸೊಸೆ. ಆಕೆ ನಗದೆ ಕೇಳಿಸಿಕೊಂಡಳು.

"ಅದು ಒಳಗೆ ಬರುವಾಗ ಅಲ್ಲವೆ? ನೀವು ಬೆಟ್ಟದಿಂದ ಹೊರಗೆ ಹೋಗುತ್ತಿದ್ದೀರಿ."

ಅಲ್ಲೇ ಬೈಂಡಿಂಗ್ ಬಿಚ್ಚಿ ಎಡಗಾಲು ಮುಂದಕ್ಕೆ ಮಾಡಿದೆ. ಅಂದಿನಿಂದ ಹಲಗೆ ಮಾತು ಕೇಳತೊಡಗಿತು. ಅತ್ತೆಗೆ ಫೋನಿನಲ್ಲಿ ಹೇಳಿದರೆ, "ಹೌದಲ್ಲ! ಆಕಿ ಯಾವ ಮಠದಾಗ ಕಲ್ತಾಳ ಕೇಳು" ಅಂದರು.

ಕಾಲುಂಗುರ

ಮಾರ್ಚಿನ ರಜೆಗೆ ಇಡೀ ಕುಟುಂಬ ಹೊರಟಿತು. ಪಣದ ಕೊನೆಯ ದಿನ. ನನಗೆ ಎಲ್ಲ ಬರುತ್ತಿತ್ತು, ಒಂದು ಬಿಟ್ಟು. ಬೆರಳ ಕಡೆಯ ಅಂಚಿಗೆ ವಾಲಿದೊಡನೆ ಎಡಗಾಲಿನ ಎರಡನೇ ಬೆರಳಿನಲ್ಲಿ ಚುಳ್ ಎಂದು ನೋವು, ಮರುಗಳಿಗೆ ನಾನು ನೆಲಕ್ಕೆ. ಬೈಂಡಿಂಗನ್ನು ಹಿಂದೆ ಸರಿಸಿದೆ, ಮುಂದೆ ಸರಿಸಿದೆ, ಓರೆ ಹೆಚ್ಚಿಸಿದೆ, ಇಳಿಸಿದೆ. ನನ್ನ ಗಂಡ ಆಪರೇಷನ್ ಥಿಯೇಟರಿನ ನರ್ಸಿನಂತೆ ಸ್ಕ್ರೂಡ್ರೈವರ್ ಕೊಡುವುದು, ತೆಗೆದುಕೊಳ್ಳುವುದು. ಮೂರು ಗಂಟೆಯಾಯಿತು. ಇನ್ನೊಂದೇ ಸಲ ಮೇಲೆ ಹೋಗಲು ಹೊತ್ತಿತ್ತು. ಅತ್ತೆಯ ಪಕ್ಕದ ಬೆಂಚಿನ ಮೇಲೆ ಎಲ್ಲರ ಬ್ಯಾಗುಗಳು ನನ್ನನ್ನೇ ನೋಡುತ್ತಿದ್ದವು.

ನಾದಿನಿ ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದಳು. ಬಂದು ಎದುರಿಗೆ ಕೂತಳು. "ವೈನಿ, ಬೂಟ್ ಬಿಚ್ಚರಿ." ಕಾಲುಚೀಲ ಎಳೆದಳು. "ಅಯ್ಯ! ಬೈಂಡಿಂಗ್ ಏನ್ ಮಾಡೀತ್ರಿ? ಕಾಲುಂಗುರ ಒತ್ತಿ ಬೆರಳು ಬದನಿಕಾಯಿ ಆಗೇದ. ತೆಗೀರಿ ಮೊದಲ."

"ನಿಮ್ಮಣ್ಣ ಕಣ್ಣೆದುರಿಗೆ ನಿಂತಿರೂವಾಗ ನಾ ಕಾಲುಂಗುರ ತೆಗ್ಯಾಂಗಿಲ್ಲ."

"ಹಂಗಾದ್ರ ಬ್ಯಾಗ್ ಕಾಯ್ರಿ."

ಎಲ್ಲರೂ ಅತ್ತೆಯ ಮುಖ ನೋಡಿದೆವು. ಅತ್ತೆ ಚಹದ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟರು. "ಕಾಲುಂಗುರ ಮೈಮ್ಯಾಲಿಂದ ಇಳೀಬಾರದು, ಅಷ್ಟ. ಯಾರ ಮೈ ಅಂತ ಯಾವ ಶಾಸ್ತ್ರದಾಗೂ ಇಲ್ಲ." ಮಗನ ಕಡೆ ನೋಡಿದರು. "ಹಾಕ್ಕೋ. ಆಕಿ ಕೆಳಗ ಬರೂತನಕಾ."

ಹಿಮ ತಿಕ್ಕಿ ಎರಡೂ ಕಾಲುಂಗುರ ತೆಗೆದು, ನನ್ನ ಗಂಡನ ಎರಡು ಕಿರುಬೆರಳಿಗೆ ತೊಡಿಸಿದೆ. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರು ಕೈ ಎರಡನ್ನೂ ಎದೆಯ ಮುಂದೆ ಹಿಡಿದು ಮದುಮಗಳ ಹಾಗೆ ನಿಂತರು.

ಮೇಲೆ ಹೋದೆ. ಎಡಗಾಲು ಮುಂದೆ. ಹಿಮ್ಮಡಿಯ ಅಂಚಿಗೆ ವಾಲಿದೆ, ಬೆರಳ ಅಂಚಿಗೆ ವಾಲಿದೆ. ನೋವಿಲ್ಲ. ಹಲಗೆ ಸದ್ದಿಲ್ಲದೆ ಕೊರೆಯುತ್ತಾ ಹೋಯಿತು. ಕೆಳಗೆ ಬಂದು ತಿರುಗಿ ನೋಡಿದರೆ, ಬೆಟ್ಟದ ಮೇಲಿಂದ ಕೆಳತನಕ ಒಂದೇ ಗೆರೆ, ಎಲ್ಲೂ ಹರಿದಿಲ್ಲ, ಎಲ್ಲೂ ತೇಪೆಯಿಲ್ಲ.

ನಾದಿನಿ ಹಲಗೆ ತಲೆ ಮೇಲಿಟ್ಟುಕೊಂಡು ಪಾರ್ಕಿಂಗಿನತ್ತ ನಡೆದಳು. ಅತ್ತೆ ಎಲ್ಲರ ಬ್ಯಾಗು ಹಿಡಿದು ಹಿಂದೆ ನಡೆದರು. ನನ್ನ ಗಂಡ ಮಾತ್ರ ಕಾಣಲಿಲ್ಲ. ಹುಡುಕಿದರೆ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಸಾಬೂನಿನ ನೀರಿನಲ್ಲಿ ಎರಡೂ ಕೈ ಅದ್ದಿ ಕೂತಿದ್ದರು. ಕಿರುಬೆರಳುಗಳು ಊದಿಕೊಂಡು ಉಂಗುರ ಅಲ್ಲಾಡುತ್ತಿರಲಿಲ್ಲ.

ಈಗ ನನ್ನದು ಅಂತ ಒಂದು ಅಂಗಡಿ, ನಾಲ್ಕು ಹೊಲಿಗೆ ಮಷೀನು, ಒಂದು ಕಾರ್ವಿಂಗ್ ಹಲಗೆ ಇದೆ. ಹಲಗೆಗಾಗಿ ನಾನು ಕಳೆದುಕೊಂಡದ್ದು ಮದುವೆಯ ಬೆಳ್ಳಿ ಕಾಲುಂಗುರ, ಒಂದು ಜೊತೆ. ಕತ್ತರಿಸಿ ತೆಗೆದದ್ದು ಗಂಡನ ಕೈಯಿಂದ.